ಎಡಗಡೆ ಕೊಟ್ಟಿದ್ದಾರೆ, ಬಲಗಡೆ ಏನು ಬರೆಯಬೇಕು? ರಾಸಾಯನಿಕ ಕ್ರಿಯೆಯ ಉತ್ಪನ್ನ ಕಂಡುಹಿಡಿಯುವ ದಾರಿ

ಎಸ್ಸೆಸ್ಸೆಲ್ಸಿ ಮಕ್ಕಳು, ಪಿಯುಸಿಗೆ ವಿಜ್ಞಾನ ತೆಗೆದುಕೊಂಡವರು, ಸಂಜೆ ಮಕ್ಕಳ ಜೊತೆ ಪುಸ್ತಕ ಹಿಡಿದು ಕೂರುವ ಅಪ್ಪ ಅಮ್ಮಂದಿರು ಎಲ್ಲರೂ ಕೇಳುವುದು ಇದನ್ನೇ. ಮಡಿಕೇರಿಯವರಾದರೂ ಅಷ್ಟೇ, ಗೋಣಿಕೊಪ್ಪದವರಾದರೂ ಅಷ್ಟೇ. “ಸಮೀಕರಣ ಸರಿದೂಗಿಸುವುದು ಹೇಗೋ ಬರುತ್ತದೆ. ಆದರೆ ಬಾಣದ ಬಲಗಡೆ ಏನು ಬರುತ್ತದೆ ಅಂತ ಗೊತ್ತಾಗುವುದು ಹೇಗೆ? ಎಲ್ಲ ಕ್ರಿಯೆಗಳನ್ನೂ ಬಾಯಿಪಾಠ ಮಾಡಬೇಕಾ?”

ಬೇಡ. ಬಾಯಿಪಾಠ ಮಾಡಬೇಕಾದದ್ದು ಮೂರು ಚಿಕ್ಕ ಪಟ್ಟಿಗಳನ್ನು ಮಾತ್ರ. ಉಳಿದದ್ದು ಕೆಲವು ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿಕೊಳ್ಳುವ ಅಭ್ಯಾಸ. ಹೆಚ್ಚಿನವರು ಎಡವುವುದು ಈ ಕ್ರಮದಲ್ಲೇ. ಎರಡು ವಸ್ತುಗಳ ಹೆಸರು ಕಂಡ ಕೂಡಲೇ “ಏನು ಹುಟ್ಟುತ್ತದೆ” ಎಂದು ಹುಡುಕಲು ಹೊರಡುತ್ತಾರೆ. ಅದಕ್ಕೂ ಮೊದಲು “ಏನಾದರೂ ಆಗುತ್ತದೆಯೇ” ಎಂದು ಕೇಳಬೇಕು. ಎಷ್ಟೋ ಪ್ರಶ್ನೆಗಳಿಗೆ ‘ಕ್ರಿಯೆ ನಡೆಯುವುದಿಲ್ಲ’ ಎನ್ನುವುದೇ ಸರಿಯುತ್ತರ. ಅದನ್ನು ಧೈರ್ಯವಾಗಿ ಬರೆಯುವವರು ಕಡಿಮೆ.

ಉದಾಹರಣೆಗಳನ್ನು ಆದಷ್ಟು ನಮ್ಮ ಸುತ್ತಮುತ್ತಲಿನಿಂದಲೇ ತೆಗೆದುಕೊಂಡಿದ್ದೇನೆ: ತೋಟಕ್ಕೆ ಹೊಡೆಯುವ ಬೋರ್ಡೋ ಮದ್ದು, ಮಣ್ಣಿಗೆ ಹಾಕುವ ಸುಣ್ಣ, ಅಡುಗೆಮನೆಯ ಕಾಚಂಪುಳಿ ಎಂಬ ಹುಳಿ. ಸಮೀಕರಣಗಳಲ್ಲಿ ಸಂಕೇತಗಳ ಬದಲು ಬೇಕೆಂದೇ ಹೆಸರುಗಳನ್ನು ಬಳಸಿದ್ದೇನೆ. ಹೆಸರಿನಲ್ಲಿ ಯೋಚಿಸಲು ಬಂದವರಿಗೆ ಸಂಕೇತಕ್ಕೆ ಇಳಿಸುವುದು ಕಷ್ಟವಲ್ಲ. ಪರೀಕ್ಷೆಯಲ್ಲಿ ಮಾತ್ರ ಸಂಕೇತದಲ್ಲೇ ಬರೆಯಿರಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಪಟ್ಟಿ ಒಂದು, ಅಯಾನುಗಳ ಆವೇಶ. ವಿದ್ಯುದಾವೇಶ ಹೊತ್ತ ಪರಮಾಣುವನ್ನೋ ಪರಮಾಣುಗಳ ಗುಂಪನ್ನೋ ಅಯಾನು ಎನ್ನುತ್ತೇವೆ. ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಅಮೋನಿಯಂ ಇವಕ್ಕೆ +1. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ಬೇರಿಯಂ +2. ಅಲ್ಯೂಮಿನಿಯಂ +3. ಕ್ಲೋರೈಡ್, ನೈಟ್ರೇಟ್, ಹೈಡ್ರಾಕ್ಸೈಡ್, ಹೈಡ್ರೋಜನ್ ಕಾರ್ಬೊನೇಟ್ −1. ಸಲ್ಫೇಟ್, ಕಾರ್ಬೊನೇಟ್, ಆಕ್ಸೈಡ್ −2. ಫಾಸ್ಫೇಟ್ −3. ಕಾಟ ಕೊಡುವವರು ಇಬ್ಬರೇ: ಕಬ್ಬಿಣ (+2 ಅಥವಾ +3) ಮತ್ತು ತಾಮ್ರ (+1 ಅಥವಾ +2). ಇವರ ಬಗ್ಗೆ ಮುಂದೆ ಹೇಳುತ್ತೇನೆ.

ಪಟ್ಟಿ ಎರಡು, ಲೋಹಗಳ ಕ್ರಿಯಾಶೀಲತೆಯ ಸರಣಿ. ಯಾವ ಲೋಹ ಹೆಚ್ಚು ಚುರುಕು, ಯಾವುದು ಮಂದ ಎಂಬ ಸಾಲು ಇದು. ಮೇಲಿನಿಂದ ಕೆಳಕ್ಕೆ: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಹೈಡ್ರೋಜನ್ ಲೋಹವಲ್ಲ. ಆಮ್ಲಗಳ ಜೊತೆ ಹೋಲಿಸಲು ಬೇಕೆಂದು ಅದನ್ನು ನಡುವೆ ಕೂರಿಸಿದ್ದಾರೆ.

ಪಟ್ಟಿ ಮೂರು, ವಿಲೀನತೆ, ಅಂದರೆ ಯಾವ ಲವಣ ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎನ್ನುವುದು. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳೆಲ್ಲ ಕರಗುತ್ತವೆ. ನೈಟ್ರೇಟ್‌ಗಳೆಲ್ಲ ಕರಗುತ್ತವೆ. ಕ್ಲೋರೈಡ್‌ಗಳೂ ಕರಗುತ್ತವೆ, ಆದರೆ ಬೆಳ್ಳಿ ಮತ್ತು ಸೀಸದ ಕ್ಲೋರೈಡ್ ಕರಗುವುದಿಲ್ಲ. ಸಲ್ಫೇಟ್‌ಗಳಲ್ಲಿ ಬೇರಿಯಂ ಮತ್ತು ಸೀಸದವು ಕರಗುವುದಿಲ್ಲ, ಕ್ಯಾಲ್ಸಿಯಂನದು ಅರೆಬರೆ. ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್‌ಗಳ ಕಥೆ ತಿರುಗುಮುರುಗು. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಜೊತೆಗಿದ್ದರೆ ಕರಗುತ್ತವೆ, ಉಳಿದವರ ಜೊತೆಗಿದ್ದರೆ ಸಾಮಾನ್ಯವಾಗಿ ಇಲ್ಲ. ಬೇರಿಯಂ ಹೈಡ್ರಾಕ್ಸೈಡ್ ಇದಕ್ಕೆ ಅಪವಾದ, ಅದು ಕರಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿಸಿದ ಸುಣ್ಣ, ಸ್ವಲ್ಪ ಕರಗುತ್ತದೆ. ಸುಣ್ಣದ ತಿಳಿನೀರು ಸಿಗುವುದೇ ಅದರಿಂದ.

ಈ ಮೂರನ್ನೂ ಒಂದೇ ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಓದುವ ಮೇಜಿನ ಎದುರು ಅಂಟಿಸಿ. ಅಚ್ಚಾದದ್ದನ್ನು ಅಂಟಿಸಿದರೆ ಅಷ್ಟು ಪ್ರಯೋಜನವಿಲ್ಲ. ಬರೆಯುವಾಗಲೇ ಅರ್ಧ ತಲೆಗೆ ಹೋಗುತ್ತದೆ.

ಹಂತ 1: ಎದುರಿಗಿರುವವರು ಯಾರು?

ಬಾಣದ ಎಡಗಡೆ ಇರುವ ವಸ್ತುಗಳನ್ನು ಪ್ರತಿವರ್ತಕಗಳು ಎನ್ನುತ್ತೇವೆ. ಒಂದೊಂದರ ಕೆಳಗೂ ಪೆನ್ಸಿಲ್‌ನಲ್ಲಿ ಅದರ ಜಾತಿ ಬರೆಯಿರಿ: ಲೋಹ, ಅಲೋಹ, ಆಮ್ಲ, ಪ್ರತ್ಯಾಮ್ಲ, ಲವಣ, ಅಥವಾ ಕಾರ್ಬನ್ ಇರುವ ಇಂಧನ. ಆಮ್ಲವನ್ನು ತಣಿಸಿ ಲವಣ ಮತ್ತು ನೀರು ಕೊಡುವುದು ಪ್ರತ್ಯಾಮ್ಲ, ಸುಣ್ಣ ಅಂಥದ್ದು. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಉಳಿಯುವುದು ಲವಣ. ಅಡುಗೆ ಉಪ್ಪು ಒಂದು ಲವಣ ಮಾತ್ರ. ಮೈಲುತುತ್ತವೂ ಲವಣವೇ, ತೋಟಕ್ಕೆ ಹಾಕುವ ಪೊಟ್ಯಾಶ್ ಕೂಡ ಲವಣವೇ.

ಲವಣವಾದರೆ ಅದನ್ನು ಎರಡು ಅಯಾನುಗಳಾಗಿ ಒಡೆದು ಬರೆಯಿರಿ. ಮೈಲುತುತ್ತ ಎಂದರೆ ತಾಮ್ರ +2 ಮತ್ತು ಸಲ್ಫೇಟ್ −2. ಇಲ್ಲೊಂದು ಗುಂಡಿ ಇದೆ. ಸಲ್ಫೇಟ್‌ನ್ನು ಮತ್ತೆ ಗಂಧಕ ಮತ್ತು ಆಕ್ಸಿಜನ್ ಎಂದು ಒಡೆಯಬೇಡಿ. ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್, ಅಮೋನಿಯಂ ಇವು ಗುಂಪಾಗಿಯೇ ಬಂದು ಗುಂಪಾಗಿಯೇ ಹೋಗುವವು. ನೀರಿನ ದ್ರಾವಣದಲ್ಲಿ ನಡೆಯುವ ಕ್ರಿಯೆಗಳಲ್ಲಿ ಇವನ್ನು ಒಂದೇ ತುಂಡೆಂದು ನೋಡಿ.

ಇನ್ನೊಂದು ಗುಂಡಿ ಯೂರಿಯಾ. ಗೊಬ್ಬರ ಎಂದ ಮಾತ್ರಕ್ಕೆ ಎಲ್ಲವೂ ಲವಣವಲ್ಲ. ಯೂರಿಯಾ ನೀರಿನಲ್ಲಿ ಕರಗುತ್ತದೆ, ಆದರೆ ಅಯಾನುಗಳಾಗಿ ಒಡೆಯುವುದಿಲ್ಲ. ಸಕ್ಕರೆಯೂ ಹಾಗೆಯೇ. ಒಡೆಯದ ವಸ್ತುವಿಗೆ ಮುಂದೆ ಬರುವ ಅದಲುಬದಲಿನ ನಿಯಮ ಹಚ್ಚಬಾರದು.

ಒಂಟಿ ಧಾತುವಾಗಿ ಬರುವ ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ 7 ಜೋಡಿಯಾಗಿಯೇ ಇರುತ್ತವೆ, ಒಂದು ಅಣುವಿನಲ್ಲಿ 2 ಪರಮಾಣು. ಸಂಯುಕ್ತದ ಒಳಗೆ ಸೇರಿದ ಮೇಲೆ ಈ ಜೋಡಿ ನಿಯಮ ಇಲ್ಲ.

ಹಂತ 2: ಯಾವ ಬಗೆಯ ಕ್ರಿಯೆ?

ಜಾತಿ ಗೊತ್ತಾದರೆ ಬಗೆ ತಾನಾಗಿ ಕಾಣುತ್ತದೆ. ಆರಂಭದ ಪಾಠಗಳಲ್ಲಿ ಬರುವ ಬಗೆಗಳು ಹೆಚ್ಚಿಲ್ಲ.

*ದಹನ.* ಕಾರ್ಬನ್ ಮತ್ತು ಹೈಡ್ರೋಜನ್ ಇರುವ ಇಂಧನಕ್ಕೆ ಆಕ್ಸಿಜನ್ ಕೊಟ್ಟಿದ್ದರೆ ಯೋಚಿಸುವುದೇ ಬೇಡ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಅಡುಗೆ ಅನಿಲದಲ್ಲಿರುವ ಪ್ರೊಪೇನ್, ಬ್ಯುಟೇನ್ ಎರಡಕ್ಕೂ ಇದೇ ಉತ್ತರ. ಗಾಳಿ ಸಾಲದಿದ್ದರೆ ಮಾತ್ರ ಕಾರ್ಬನ್ ಮೊನಾಕ್ಸೈಡ್ ಮತ್ತು ಮಸಿ ಹುಟ್ಟುತ್ತವೆ. ಕಕ್ಕಡದ, ಅಂದರೆ ಮಳೆಗಾಲದ ಆ ತಿಂಗಳ, ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು ಎನ್ನುವುದು ಇದಕ್ಕೇ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

*ಸಂಯೋಗ.* ಎರಡು ಸೇರಿ ಒಂದಾಗುವುದು. ಸುಟ್ಟ ಸುಣ್ಣ + ನೀರು → ಅರಳಿಸಿದ ಸುಣ್ಣ. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ಅರಳಿದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕೊತಕೊತ ಕುದಿಯುವಷ್ಟು ಶಾಖ ಬಿಡುವುದರಿಂದ ಇದು ಬಹಿರುಷ್ಣಕ, ಅಂದರೆ ಶಾಖ ಹೊರಹಾಕುವ ಕ್ರಿಯೆ. ಸುಣ್ಣ ಅರಳಿಸುವಾಗ ಡ್ರಮ್ಮಿನ ಮೇಲೆ ಬಾಗಿ ನೋಡುವುದು ಬೇಡ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

*ವಿಭಜನೆ.* ಒಂದೇ ವಸ್ತು ಕೊಟ್ಟು ಬಾಣದ ಮೇಲೆ ‘ಶಾಖ’ ಎಂದು ಬರೆದಿದ್ದರೆ ಅದು ಒಡೆಯುತ್ತದೆ. ಕಾರ್ಬೊನೇಟ್ ಒಡೆದರೆ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್. ಹೈಡ್ರಾಕ್ಸೈಡ್ ಒಡೆದರೆ ಆಕ್ಸೈಡ್ ಮತ್ತು ನೀರು. ಅಡುಗೆ ಸೋಡಾ, ಅಂದರೆ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಒಡೆದರೆ ಸೋಡಿಯಂ ಕಾರ್ಬೊನೇಟ್, ನೀರು, ಕಾರ್ಬನ್ ಡೈಆಕ್ಸೈಡ್. ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್‌ಗಳು ಮಾತ್ರ ಪ್ರಯೋಗಾಲಯದ ಬರ್ನರ್ ಶಾಖಕ್ಕೆ ಜಗ್ಗುವುದಿಲ್ಲ. ಈ ಅಪವಾದ ಪರೀಕ್ಷಕರಿಗೆ ಬಲು ಇಷ್ಟ.

*ಸ್ಥಾನಪಲ್ಲಟ.* ಒಂಟಿ ಲೋಹ ಬಂದು ಲವಣದೊಳಗಿನ ಅಥವಾ ಆಮ್ಲದೊಳಗಿನ ಇನ್ನೊಬ್ಬರನ್ನು ಹೊರಹಾಕಿ ಆ ಜಾಗದಲ್ಲಿ ಕೂರುವುದು.

*ದ್ವಿಸ್ಥಾನಪಲ್ಲಟ.* ಎರಡು ಸಂಯುಕ್ತಗಳು ಪರಸ್ಪರ ಅಯಾನುಗಳನ್ನು ಅದಲುಬದಲು ಮಾಡಿಕೊಳ್ಳುವುದು. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಲವಣ ಮತ್ತು ನೀರು ಆಗುವ ತಟಸ್ಥೀಕರಣವೂ ಇದರೊಳಗೇ ಬರುತ್ತದೆ. ಹಾಗಾಗಿ ಅದಕ್ಕೆ ಬೇರೆ ನಿಯಮ ಕಲಿಯಬೇಕಿಲ್ಲ.

ಹಂತ 3: ನಿಜವಾಗಿ ಏನಾದರೂ ಆಗುತ್ತದೆಯೇ?

ಇದು ನಡುಗಂಬ. ಇಲ್ಲಿ ಆತುರ ಬೇಡ.

ದಹನ, ಸಂಯೋಗ, ವಿಭಜನೆಗಳಲ್ಲಿ ಪ್ರಶ್ನೆ ಕೊಟ್ಟವರೇ ಸುಳಿವು ಕೊಟ್ಟಿರುತ್ತಾರೆ. ಪರೀಕ್ಷಿಸಬೇಕಾದದ್ದು ಎರಡು ಪಲ್ಲಟಗಳಲ್ಲಿ.

ಸ್ಥಾನಪಲ್ಲಟಕ್ಕೆ ಸರಣಿ ನೋಡಿ. ಬರುವ ಲೋಹ ಒಳಗಿರುವ ಲೋಹಕ್ಕಿಂತ ಮೇಲಿರಬೇಕು. ಕಬ್ಬಿಣವನ್ನು ಮೈಲುತುತ್ತದ ದ್ರಾವಣಕ್ಕೆ ಅದ್ದಿದರೆ ಕಬ್ಬಿಣ ತಾಮ್ರಕ್ಕಿಂತ ಮೇಲಿರುವುದರಿಂದ ತಾಮ್ರ ಹೊರಬರುತ್ತದೆ:

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟ್‌ಗೆ ಅದ್ದಿದರೆ? ಏನೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟರೂ ಇಲ್ಲ.

ಆಮ್ಲಕ್ಕೂ ಇದೇ ಪರೀಕ್ಷೆ. ಹೈಡ್ರೋಜನ್‌ಗಿಂತ ಮೇಲಿರುವ ಲೋಹ ದುರ್ಬಲಗೊಳಿಸಿದ, ಅಂದರೆ ನೀರು ಬೆರೆಸಿ ತೆಳುವಾಗಿಸಿದ, ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದಿಂದ ಹೈಡ್ರೋಜನ್ ಅನಿಲ ಬಿಡಿಸುತ್ತದೆ. ಸತು ಬಿಡಿಸುತ್ತದೆ, ಕಬ್ಬಿಣ ಬಿಡಿಸುತ್ತದೆ, ತಾಮ್ರ ಬಿಡಿಸುವುದಿಲ್ಲ. ನೈಟ್ರಿಕ್ ಆಮ್ಲವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಪ್ರಬಲ ಉತ್ಕರ್ಷಣಕಾರಿ, ಅಂದರೆ ಎದುರಿನವರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತು. ಅಲ್ಲಿ ಸಾಮಾನ್ಯವಾಗಿ ಹೊರಬರುವುದು ನೈಟ್ರೋಜನ್‌ನ ಆಕ್ಸೈಡ್‌ಗಳು, ಹೈಡ್ರೋಜನ್ ಅಲ್ಲ.

ಸರಣಿಯ ತುದಿಯಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಬಗ್ಗೆ ಒಂದು ಎಚ್ಚರಿಕೆ. “ಸೋಡಿಯಂ ತಾಮ್ರಕ್ಕಿಂತ ಮೇಲಿದೆ, ಹಾಗಾಗಿ ಮೈಲುತುತ್ತದ ದ್ರಾವಣದಿಂದ ತಾಮ್ರ ಬಿಡಿಸುತ್ತದೆ” ಎಂದು ಬರೆಯುವವರಿದ್ದಾರೆ. ದ್ರಾವಣದಲ್ಲಿ ಇರುವುದು ಬಹುಪಾಲು ನೀರು. ಸೋಡಿಯಂ ಮೊದಲು ನೀರಿನ ಮೇಲೆಯೇ ಎರಗಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್ ಆಗುತ್ತದೆ. ಅಲ್ಯೂಮಿನಿಯಂದು ಇನ್ನೊಂದು ಬಗೆಯ ಮೋಸ. ಪಟ್ಟಿಯಲ್ಲಿ ಮೇಲಿದ್ದರೂ ಅದರ ಮೈಮೇಲೆ ಆಕ್ಸೈಡ್‌ನ ತೆಳು ಪದರ ಇರುವುದರಿಂದ ತಟ್ಟನೆ ಕ್ರಿಯೆಗೆ ಇಳಿಯುವುದಿಲ್ಲ. ಸರಣಿ ಆಗಬಹುದೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಎಷ್ಟು ಬೇಗ ಎನ್ನುವುದು ಅದರ ಕೆಲಸವಲ್ಲ.

ದ್ವಿಸ್ಥಾನಪಲ್ಲಟಕ್ಕೆ ಬೇರೆ ಪರೀಕ್ಷೆ. ಅದಲುಬದಲು ಮಾಡಿದ ಮೇಲೆ ಈ ಮೂರರಲ್ಲಿ ಒಂದಾದರೂ ಹುಟ್ಟಬೇಕು: ಪ್ರಕ್ಷೇಪ, ಅಂದರೆ ದ್ರಾವಣದಲ್ಲಿ ಕರಗದೆ ಉಳಿಯುವ ಘನ, ಅನಿಲ, ಅಥವಾ ನೀರು. ಮೂರೂ ಇಲ್ಲವೆಂದರೆ ಪಾತ್ರೆಯಲ್ಲಿ ನಾಲ್ಕು ಅಯಾನುಗಳು ಸುಮ್ಮನೆ ಈಜಾಡುತ್ತಿರುತ್ತವೆ, ಅಷ್ಟೇ. ಅಡುಗೆ ಉಪ್ಪಿನ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸುರಿದರೆ ಕಾಗದದ ಮೇಲೆ ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ಕ್ಲೋರೈಡ್ ಎಂದು ಚಂದವಾಗಿ ಬರೆಯಬಹುದು. ಆದರೆ ಎರಡೂ ಕರಗುವಂಥವು. ಉತ್ತರ: ಕ್ರಿಯೆ ಇಲ್ಲ.

ಅದೇ ಕ್ಯಾಲ್ಸಿಯಂ ನೈಟ್ರೇಟ್‌ನ ಗಟ್ಟಿ ದ್ರಾವಣಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ ನೋಡಿ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್, ಬಿಳಿಯಾಗಿ ಕೆಳಗೆ ಕೂರುತ್ತದೆ. ಹನಿ ನೀರಾವರಿಗೆ ಈ ಎರಡು ಗೊಬ್ಬರಗಳನ್ನು ಒಂದೇ ತೊಟ್ಟಿಯಲ್ಲಿ ಕಲಸಬೇಡಿ, ಪೈಪಿನ ಬಾಯಿ ಕಟ್ಟಿಕೊಳ್ಳುತ್ತದೆ ಎಂದು ಹೇಳುವುದು ಇದೇ ಕಾರಣಕ್ಕೆ. ವಿಲೀನತೆಯ ಪಟ್ಟಿ ಗೊತ್ತಿರುವ ಹತ್ತನೇ ತರಗತಿಯ ಹುಡುಗಿ ಇದನ್ನು ಮನೆಯಲ್ಲಿ ಮೊದಲೇ ಹೇಳಬಲ್ಲಳು.

ಅನಿಲದ ವಿಷಯದಲ್ಲಿ ಎರಡು ‘ನಿಲ್ಲದ’ ಉತ್ಪನ್ನಗಳನ್ನು ನೆನಪಿಡಿ. ಅದಲುಬದಲು ಮಾಡಿದಾಗ ಕಾರ್ಬಾನಿಕ್ ಆಮ್ಲ ಬಂದರೆ ಅದು ನಿಲ್ಲದೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅಮೋನಿಯಂ ಹೈಡ್ರಾಕ್ಸೈಡ್ ಬಂದರೆ ಅದನ್ನು ನೀರು ಮತ್ತು ಅಮೋನಿಯಾ ಎಂದು ಬರೆಯಿರಿ. ಕೊನೆಯ ಸಾಲಿನಲ್ಲಿ ಕಾರ್ಬಾನಿಕ್ ಆಮ್ಲ ಎಂದೇ ಬಿಟ್ಟು ಅಂಕ ಕಳೆದುಕೊಳ್ಳುವವರು ಬಹಳ.

ಮೊದಲನೆಯದಕ್ಕೆ ಅಡುಗೆಮನೆಯಲ್ಲೇ ಸಾಕ್ಷಿ ಇದೆ. ಪಂದಿಕರಿಗೆ ಹುಳಿ ಕೊಡುವ ಕಾಚಂಪುಳಿ ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಬತ್ತಿಸಿ ಮಾಡಿದ್ದು. ಆ ಹಣ್ಣಿನ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಒಂದು ಹನಿಯನ್ನು ಅಡುಗೆ ಸೋಡಾದ ಮೇಲೆ ಬಿಡಿ, ಬುಸುಗುಡುತ್ತದೆ:

ಆಮ್ಲ + ಅಡುಗೆ ಸೋಡಾ → ಆ ಆಮ್ಲದ ಸೋಡಿಯಂ ಲವಣ + ನೀರು + ಕಾರ್ಬನ್ ಡೈಆಕ್ಸೈಡ್

ಆಮ್ಲದ ಹೆಸರು ಎಷ್ಟು ಉದ್ದವಿದ್ದರೂ ಮಾದರಿ ಬದಲಾಗಲಿಲ್ಲ, ಗಮನಿಸಿ. ಮಳೆಗೆ ತೊಳೆದು ಹುಳಿಯಾದ ತೋಟದ ಮಣ್ಣಿಗೆ ಕೃಷಿ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹಾಕಿದಾಗ ನಡೆಯುವುದೂ ಇದೇ ಮಾದರಿ. ಅಲ್ಲಿ ಬುಸುಗುಡುವುದು ಕಾಣುವುದಿಲ್ಲ, ಅಷ್ಟೇ.

ಎರಡನೆಯದು ತೋಟದವರ ಜೇಬಿಗೆ ಸಂಬಂಧಿಸಿದ್ದು. ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ ಅರಳಿಸಿದ ಸುಣ್ಣ ತಾಗಿದರೆ:

ಅಮೋನಿಯಂ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ಕ್ಯಾಲ್ಸಿಯಂ ಸಲ್ಫೇಟ್ + ನೀರು + ಅಮೋನಿಯಾ

ಮೂಗಿಗೆ ಬಡಿಯುವ ಆ ಘಾಟು ನೀವು ದುಡ್ಡು ಕೊಟ್ಟು ತಂದ ನೈಟ್ರೋಜನ್. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಕೆಲವು ವಾರ ಅಂತರ ಬಿಡಿ ಎನ್ನುವ ಸಲಹೆಯ ಹಿಂದೆ ಇರುವುದು ಈ ಒಂದು ಸಾಲು.

ಹಂತ 4: ಉತ್ಪನ್ನದ ಸೂತ್ರ ಬರೆಯುವುದು

ಧನ ಅಯಾನನ್ನು ಮೊದಲು, ಋಣ ಅಯಾನನ್ನು ಆಮೇಲೆ ಬರೆಯಿರಿ. ಒಟ್ಟು ಆವೇಶ ಸೊನ್ನೆ ಆಗುವಷ್ಟು ಸಂಖ್ಯೆ ಹಾಕಿ. ಅಲ್ಯೂಮಿನಿಯಂ +3, ಕ್ಲೋರೈಡ್ −1, ಹಾಗಾಗಿ 1 ಅಲ್ಯೂಮಿನಿಯಂಗೆ 3 ಕ್ಲೋರೈಡ್. ಅಲ್ಯೂಮಿನಿಯಂ +3, ಸಲ್ಫೇಟ್ −2, ಹಾಗಾಗಿ 2 ಅಲ್ಯೂಮಿನಿಯಂಗೆ 3 ಸಲ್ಫೇಟ್. ಗುಂಪಿನ ಅಯಾನು ಒಂದಕ್ಕಿಂತ ಹೆಚ್ಚಿದ್ದರೆ ಆವರಣ ಹಾಕಿ, ಸಂಖ್ಯೆಯನ್ನು ಆವರಣದ ಹೊರಗೆ ಬರೆಯಿರಿ.

ಇಲ್ಲಿನ ದೊಡ್ಡ ತಪ್ಪೆಂದರೆ ಎಡಗಡೆಯಲ್ಲಿದ್ದ ಸಂಖ್ಯೆಯನ್ನು ಬಲಗಡೆಗೆ ಹೊತ್ತು ತರುವುದು. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 2 ಕ್ಲೋರೈಡ್ ಇತ್ತು ಎಂದು ಸೋಡಿಯಂ ಜೊತೆಗೂ 2 ಕ್ಲೋರೈಡ್ ಹಾಕುತ್ತಾರೆ. ಹಳೆಯ ಜೊತೆಗಾರನ ಲೆಕ್ಕ ಹೊಸ ಜೊತೆಗಾರನಿಗೆ ಅನ್ವಯಿಸುವುದಿಲ್ಲ. ಪ್ರತಿ ಹೊಸ ಜೋಡಿಗೂ ಆವೇಶದಿಂದಲೇ ಶುರುಮಾಡಿ.

ಈಗ ಆ ಇಬ್ಬರು ತಂಟೆಕೋರರು. ಕಬ್ಬಿಣ ಹೈಡ್ರೋಕ್ಲೋರಿಕ್ ಆಮ್ಲದ ಜೊತೆಗಾಗಲಿ ಮೈಲುತುತ್ತದ ಜೊತೆಗಾಗಲಿ ಸ್ಥಾನಪಲ್ಲಟ ನಡೆಸಿದರೆ +2 ಆಗುತ್ತದೆ. ಕ್ಲೋರಿನ್ ಅನಿಲದಲ್ಲಿ ಕಾಯಿಸಿದರೆ +3. ಮಳೆಗಾಲದಲ್ಲಿ ಕತ್ತಿ, ಗುದ್ದಲಿಗೆ ಹಿಡಿಯುವ ತುಕ್ಕಿನಲ್ಲಿಯೂ ಕಬ್ಬಿಣ +3, ಅದು ನೀರು ಸೇರಿದ ಕಬ್ಬಿಣದ ಆಕ್ಸೈಡ್. ತಾಮ್ರ ಶಾಲೆಯ ಪ್ರಶ್ನೆಗಳಲ್ಲಿ ಬಹುಪಾಲು +2. ಬೇರೆಯಾಗಿದ್ದರೆ ಪ್ರಶ್ನೆಯಲ್ಲೇ ಹೇಳಿರುತ್ತಾರೆ.

ಹಂತ 5: ಸರಿದೂಗಿಸುವುದು

ಇದು ನಿಮಗೆ ಬರುತ್ತದೆ ಎಂದುಕೊಂಡು ಒಂದೇ ಎಚ್ಚರಿಕೆ ಹೇಳುತ್ತೇನೆ. ಸರಿದೂಗಿಸುವಾಗ ವಸ್ತುವಿನ ಮುಂದೆ ಸಂಖ್ಯೆ ಹಾಕಬಹುದು, ಸೂತ್ರದ ಒಳಗಿನ ಚಿಕ್ಕ ಸಂಖ್ಯೆಯನ್ನು ಮುಟ್ಟಬಾರದು. ಆಕ್ಸಿಜನ್ ಒಂದು ಕಡಿಮೆ ಬಿತ್ತೆಂದು ನೀರಿನ ಸೂತ್ರದೊಳಗೆ ಆಕ್ಸಿಜನ್ ಪಕ್ಕ 2 ಸೇರಿಸಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಬಳಸುವ ವಸ್ತು. ಲೆಕ್ಕ ಸರಿಯಾಯಿತು, ವಸ್ತುವೇ ಬೇರೆಯಾಯಿತು.

ದಹನದಲ್ಲಿ ಕಾರ್ಬನ್ ಮೊದಲು, ಹೈಡ್ರೋಜನ್ ಆಮೇಲೆ, ಆಕ್ಸಿಜನ್ ಕೊನೆಗೆ. ಪ್ರೊಪೇನ್‌ನಲ್ಲಿ 3 ಕಾರ್ಬನ್, 8 ಹೈಡ್ರೋಜನ್. ಆದ್ದರಿಂದ 3 ಕಾರ್ಬನ್ ಡೈಆಕ್ಸೈಡ್, 4 ನೀರು. ಬಲಗಡೆ ಆಕ್ಸಿಜನ್ 6 + 4 = 10 ಪರಮಾಣು, ಅಂದರೆ ಎಡಗಡೆ 5 ಆಕ್ಸಿಜನ್ ಅಣು. ದ್ವಿಸ್ಥಾನಪಲ್ಲಟದಲ್ಲಿ ಸಲ್ಫೇಟ್, ನೈಟ್ರೇಟ್‌ಗಳನ್ನು ಗುಂಪಾಗಿಯೇ ಎಣಿಸಿ, ಅರ್ಧ ಕೆಲಸ ಉಳಿಯುತ್ತದೆ.

ಐದೂ ಹಂತ ಒಟ್ಟಿಗೆ: ಬೋರ್ಡೋ ದ್ರಾವಣ

ಕಾಫಿಯ ಎಲೆ ತುಕ್ಕುರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ಹೊಡೆಯುವ ಬೋರ್ಡೋ ನೋಡದ ಮಗು ಕೊಡಗಿನಲ್ಲಿ ಅಪರೂಪ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳ ರೋಗಕ್ಕೆಂದು ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಗೆ ಸಾಮಾನ್ಯವಾಗಿ ಇದರ ಅರ್ಧ, ಶೇ 0.5.

ಹಂತ 1. ಮೈಲುತುತ್ತ: ತಾಮ್ರ +2, ಸಲ್ಫೇಟ್ −2. ಸುಣ್ಣ: ಕ್ಯಾಲ್ಸಿಯಂ +2, ಹೈಡ್ರಾಕ್ಸೈಡ್ −1. ಒಂದು ಲವಣ, ಒಂದು ಪ್ರತ್ಯಾಮ್ಲ.

ಹಂತ 2. ಎರಡೂ ಸಂಯುಕ್ತ, ಹಾಗಾಗಿ ದ್ವಿಸ್ಥಾನಪಲ್ಲಟ.

ಹಂತ 3. ಅದಲುಬದಲಾದರೆ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್. ಹೈಡ್ರಾಕ್ಸೈಡ್‌ಗಳು ಕರಗದವರ ಪಟ್ಟಿಯಲ್ಲಿವೆ, ತಾಮ್ರಕ್ಕೆ ವಿನಾಯಿತಿ ಇಲ್ಲ. ಪ್ರಕ್ಷೇಪ ಬಂತು, ಕ್ರಿಯೆ ನಡೆಯುತ್ತದೆ. ಡ್ರಮ್ಮಿನಲ್ಲಿ ಕಾಣುವ ಆಕಾಶನೀಲಿಯ ಮೊಸರಿನಂಥ ವಸ್ತು ಅದೇ.

ಹಂತ 4. ತಾಮ್ರ +2, ಹೈಡ್ರಾಕ್ಸೈಡ್ −1: 1ಕ್ಕೆ 2. ಕ್ಯಾಲ್ಸಿಯಂ +2, ಸಲ್ಫೇಟ್ −2: 1ಕ್ಕೆ 1.

ಹಂತ 5. ಎರಡೂ ಕಡೆ ತಾಮ್ರ 1, ಸಲ್ಫೇಟ್ 1, ಕ್ಯಾಲ್ಸಿಯಂ 1, ಹೈಡ್ರಾಕ್ಸೈಡ್ 2. ತಾನಾಗಿಯೇ ಸರಿದೂಗಿದೆ.

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಶಾಲೆಯ ಮಟ್ಟಕ್ಕೆ ಇಷ್ಟು ಸಾಕು. ನಿಜವಾದ ಡ್ರಮ್ಮಿನಲ್ಲಿ ಸುಣ್ಣದ ಪ್ರಮಾಣಕ್ಕೆ ತಕ್ಕಂತೆ ತಾಮ್ರ, ಸಲ್ಫೇಟ್, ಹೈಡ್ರಾಕ್ಸೈಡ್ ಮೂರೂ ಬೆರೆತ ಜಟಿಲ ಲವಣಗಳೂ ಹುಟ್ಟುತ್ತವೆ. ಊಹೆಯ ನಿಯಮಗಳು ಮುಖ್ಯ ದಾರಿಯನ್ನು ತೋರಿಸುತ್ತವೆ, ಪ್ರತಿ ಒಳದಾರಿಯನ್ನಲ್ಲ.

ಒಂದು ಲೆಕ್ಕ ಮಾಡಿ ನೋಡಿ, ಮಜಾ ಇದೆ. ನೀಲಿ ಹರಳಿನ ಮೈಲುತುತ್ತದ ಸೂತ್ರಭಾರ, ಅಂದರೆ ಸೂತ್ರದಲ್ಲಿರುವ ಪರಮಾಣುಗಳ ಒಟ್ಟು ಭಾರ, ಸುಮಾರು 250, ಅರಳಿಸಿದ ಸುಣ್ಣದ್ದು 74. ಸಮೀಕರಣದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಸುಣ್ಣ ಸಾಕು. ಹಾಕುವುದು 1 ಕಿಲೋ! ಸಮೀಕರಣ ತಪ್ಪಲ್ಲ, ಅದು ಶುದ್ಧ ವಸ್ತುವಿನ ಲೆಕ್ಕ. ಅಂಗಡಿಯ ಸುಣ್ಣದಲ್ಲಿ ಕಲ್ಲು ಮಣ್ಣು ಇರುತ್ತದೆ. ಚೀಲ ತೆರೆದಿಟ್ಟಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಒಂದಿಷ್ಟು ಕಾರ್ಬೊನೇಟ್ ಆಗಿರುತ್ತದೆ. ಜೊತೆಗೆ, ಕ್ರಿಯೆಗೆ ಸಿಗದೆ ಉಳಿದ ತಾಮ್ರದ ಅಯಾನು ಎಲೆಯನ್ನೇ ಸುಡುವುದರಿಂದ ದ್ರಾವಣ ಕ್ಷಾರೀಯವಾಗಿ, ಅಂದರೆ ಸುಣ್ಣದ ಕಡೆಗೇ ವಾಲಿ ಇರಬೇಕು.

ಹಾಗೆ ತಾಮ್ರ ಉಳಿದಿದೆಯೇ ಎಂದು ನೋಡಲು ತೋಟದವರು ಮಾಡುವ ಪರೀಕ್ಷೆ ಗೊತ್ತಲ್ಲ? ಉಜ್ಜಿ ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಗಂದು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಆ ಲೇಪ ಹಂತ 3ರಲ್ಲಿ ಬರೆದ ಕಬ್ಬಿಣ–ತಾಮ್ರದ ಸ್ಥಾನಪಲ್ಲಟವೇ. ಬೋರ್ಡೋವನ್ನು ಕಬ್ಬಿಣದ ಅಥವಾ ಸತು ಲೇಪಿಸಿದ ಬಕೆಟ್ಟಿನಲ್ಲಿ ಕಲಸದೆ ಪ್ಲಾಸ್ಟಿಕ್ ಡ್ರಮ್ ಬಳಸುವುದೂ ಅದೇ ಕಾರಣಕ್ಕೆ. ಇನ್ನೊಂದು: ಸುಣ್ಣ ಅರಳಿಸಿದ ಬಿಸಿಯಲ್ಲೇ ಮೈಲುತುತ್ತ ಸುರಿದರೆ ನೀಲಿ ಹೋಗಿ ಕಪ್ಪಾಗಬಹುದು. ‘ಹೈಡ್ರಾಕ್ಸೈಡ್ ಒಡೆದರೆ ಆಕ್ಸೈಡ್ ಮತ್ತು ನೀರು’ ಎಂಬ ವಿಭಜನೆಯ ನಿಯಮ ನೆನಪಿಸಿಕೊಳ್ಳಿ. ಕಪ್ಪು ಬಣ್ಣ ತಾಮ್ರದ ಆಕ್ಸೈಡಿನದು.

ಮನೆಯಲ್ಲಿ ಪ್ರಯೋಗ ಮಾಡುವವರಿಗೆ

ಕಾಚಂಪುಳಿ, ಅಡುಗೆ ಸೋಡಾ, ಸುಣ್ಣದ ತಿಳಿ ಇವು ಸಾಕು. ಮೈಲುತುತ್ತ ವಿಷ, ದೊಡ್ಡವರಿಲ್ಲದೆ ಮುಟ್ಟಬೇಡಿ, ಅಡುಗೆ ಪಾತ್ರೆಗೆ ಹಾಕಬೇಡಿ. ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮತ್ತು ಶೌಚಾಲಯ ತೊಳೆಯುವ ಆಮ್ಲ, ಇವೆರಡನ್ನು ಯಾವತ್ತೂ ಒಟ್ಟಿಗೆ ಸೇರಿಸಬಾರದು. ಉತ್ಪನ್ನ: ಕ್ಯಾಲ್ಸಿಯಂ ಕ್ಲೋರೈಡ್, ನೀರು, ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ಮಾರಕ.

ಅಭ್ಯಾಸಕ್ಕೆ

ಉತ್ತರ ಕೆಳಗಿದೆ, ಕೈಯಿಂದ ಮುಚ್ಚಿಕೊಂಡು ಮಾಡಿ. ಪ್ರತಿಯೊಂದಕ್ಕೂ ಹಂತ 3ರ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಬರೆಯದ ಉತ್ತರ ಸರಿಯಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

1. ಬೆಳ್ಳಿಯ ನೈಟ್ರೇಟ್ ದ್ರಾವಣ + ಅಡುಗೆ ಉಪ್ಪಿನ ದ್ರಾವಣ
2. ಬೆಳ್ಳಿ + ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ
3. ಅಲ್ಯೂಮಿನಿಯಂ + ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ
4. ಸುಣ್ಣದ ತಿಳಿನೀರು + ಕಾರ್ಬನ್ ಡೈಆಕ್ಸೈಡ್
5. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ + ಯೂರಿಯಾ ದ್ರಾವಣ
6. ಸತು ಲೇಪಿಸಿದ ಬಕೆಟ್ಟಿನಲ್ಲಿ ಮೈಲುತುತ್ತದ ದ್ರಾವಣ

ಉತ್ತರಗಳು:

1. ಬೆಳ್ಳಿಯ ಕ್ಲೋರೈಡ್ ಬಿಳಿಯಾಗಿ ಪ್ರಕ್ಷೇಪಿಸುತ್ತದೆ, ಸೋಡಿಯಂ ನೈಟ್ರೇಟ್ ದ್ರಾವಣದಲ್ಲೇ ಉಳಿಯುತ್ತದೆ. 1:1 → 1:1.
2. ಕ್ರಿಯೆ ಇಲ್ಲ. ಬೆಳ್ಳಿ ಹೈಡ್ರೋಜನ್‌ಗಿಂತ ಕೆಳಗಿದೆ.
3. ಅಲ್ಯೂಮಿನಿಯಂ ಕ್ಲೋರೈಡ್ ಮತ್ತು ಹೈಡ್ರೋಜನ್. 2 ಅಲ್ಯೂಮಿನಿಯಂ + 6 ಆಮ್ಲ → 2 ಅಲ್ಯೂಮಿನಿಯಂ ಕ್ಲೋರೈಡ್ + 3 ಹೈಡ್ರೋಜನ್ ಅಣು. ಆಕ್ಸೈಡ್ ಪದರ ಕರಗುವವರೆಗೆ ಗುಳ್ಳೆ ಬರಲು ತಡವಾಗುತ್ತದೆ.
4. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ನೀರು. ತಿಳಿನೀರು ಹಾಲಿನಂತಾಗುತ್ತದೆ. ಗೋಡೆಗೆ ಬಳಿದ ಸುಣ್ಣ ಎರಡು ಮೂರು ದಿನದಲ್ಲಿ ಗಟ್ಟಿ ಹೊಳಪು ಪಡೆಯುವುದೂ ಇದರಿಂದ.
5. ಕ್ರಿಯೆ ಇಲ್ಲ. ಯೂರಿಯಾ ಅಯಾನುಗಳಾಗಿ ಒಡೆಯುವುದಿಲ್ಲ, ಅದಲುಬದಲಿಗೆ ಜೊತೆಗಾರರೇ ಇಲ್ಲ.
6. ಸತುವಿನ ಸಲ್ಫೇಟ್ ಮತ್ತು ತಾಮ್ರ. ಸತು ತೀರಿದ ಮೇಲೆ ಒಳಗಿನ ಕಬ್ಬಿಣದ ಸರದಿ: ಕಬ್ಬಿಣದ ಸಲ್ಫೇಟ್ ಮತ್ತು ಇನ್ನಷ್ಟು ತಾಮ್ರ. ಕಬ್ಬಿಣದ ಆವೇಶ +2 ಎಂದು ಬರೆದಿದ್ದರೆ ಮಾತ್ರ ಪೂರ್ತಿ ಅಂಕ.